ಗಿರಿಜಕ್ಕನ ಕೊಬ್ಬಿಲ್ಲದ ಮೊಸರು

ಕೋವಿಡ್ ಗಲಾಟೆಯೆಲ್ಲ ಅಡಗಿದ ಮರುವರ್ಷದ ಮಾತು. ಆಗ ನಾನು ನೆರೂಳದ ಒಂದು ಖಾಸಗಿ ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ ಹಿರಿಯ ಡಯಟಿಷಿಯನ್ ಆಗಿದ್ದೆ. ಮೈಸೂರಿನಲ್ಲಿ ಆಹಾರ ಮತ್ತು ಪೋಷಣೆಯ ವಿಷಯ ಓದಿ, ಮದುವೆಯಾಗಿ ಡೊಂಬಿವಲಿಗೆ ಬಂದವಳು ನಾನು. ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆಗೆ ಒಂದು ಲೋಕಲ್ ರೈಲು, ಅಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಮಾರ್ಗದ ಇನ್ನೊಂದು ಗಾಡಿ, ನೆರೂಳದಲ್ಲಿ ಶೇರ್ ರಿಕ್ಷಾ. ಎಷ್ಟೋ ವರ್ಷ ಇದೇ ನನ್ನ ದಿನಚರಿಯಾಗಿತ್ತು.

ಡಯಟಿಷಿಯನ್ ಎಂದರೆ ಜನರಿಗೆ ನೆನಪಾಗುವುದು 'ಅದು ತಿನ್ನಬೇಡಿ, ಇದು ತಿನ್ನಬೇಡಿ' ಎನ್ನುವ ವ್ಯಕ್ತಿ. ಸಕ್ಕರೆ ಬಿಡಿಸುವವಳು, ಅನ್ನ ಕಡಿಮೆ ಮಾಡಿಸುವವಳು. ಮದುವೆಮನೆಯಲ್ಲಿ ನನ್ನನ್ನು ಕಂಡರೆ ಹೋಳಿಗೆಯ ತಟ್ಟೆಯನ್ನು ಬದಿಗೆ ಸರಿಸಿಕೊಂಡವರೂ ಇದ್ದಾರೆ. ಆದರೆ ಕ್ಯಾನ್ಸರ್ ವಿಭಾಗದಲ್ಲಿ ನಮ್ಮ ಕೆಲಸ ಪೂರ್ತಿ ತಿರುಗಾಮುರುಗಾ. ಅಲ್ಲಿ ನಾವು ದಿನವಿಡೀ ಹೇಳುವ ಮಾತು ಒಂದೇ: ತಿನ್ನಿ, ಇನ್ನೊಂದು ಚಮಚ ತಿನ್ನಿ, ತೂಕ ಇಳಿಯಲು ಬಿಡಬೇಡಿ. ಕೇಳಲು ಇದು ಸುಲಭ. ಆದರೆ ಈ ಮಾತನ್ನು ಒಬ್ಬ ಹೆಂಗಸಿಗೆ ಒಪ್ಪಿಸಲು ನಾನು ಪಟ್ಟ ಪಾಡು ನನ್ನ ಕೆಲಸದ ಬಗ್ಗೆ ನನಗಿದ್ದ ತಿಳಿವಳಿಕೆಯನ್ನೇ ಬದಲಿಸಿತು.

ಅವರ ಹೆಸರು ಗಿರಿಜಾ. ಗಂಡ ಸದಾಶಿವ. ಇಬ್ಬರೂ ಕಾರ್ಕಳದ ಕಡೆಯವರು, ಕಲ್ಯಾಣದಲ್ಲಿ ಮನೆ. ಸದಾಶಿವ ಅವರು ತುರ್ಭೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮ್ಯಾನೇಜರ್ ಆಗಿದ್ದು ನಿವೃತ್ತರಾದವರು. ಗಿರಿಜಕ್ಕ ಠಾಣೆಯ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಿದ್ದವರು. ಒಬ್ಬಳೇ ಮಗಳು ಸ್ನೇಹಾ, ಮದುವೆಯಾಗಿ ಐರೋಲಿಯಲ್ಲಿದ್ದಾಳೆ, ಅಲ್ಲೇ ಐಟಿ ಪಾರ್ಕಿನಲ್ಲಿ ಕೆಲಸ. ಮನೆಯಲ್ಲಿ ಗಂಡಹೆಂಡತಿಯ ನಡುವೆ ತುಳು, ನಮ್ಮ ಜೊತೆ ಕನ್ನಡ. ಮಗಳಿಗೆ ಎರಡೂ ತಿಳಿಯುತ್ತಿತ್ತು, ಉತ್ತರ ಕೊಡುವುದು ಮಾತ್ರ ಹಿಂದಿಯಲ್ಲಿ.

ಸದಾಶಿವ ಅವರ ನಾಲಿಗೆಯ ಬುಡದಲ್ಲಿ ಗಡ್ಡೆ ಇತ್ತು. ಬಾಯಿಯ ಕ್ಯಾನ್ಸರ್ ಎಂದ ಕೂಡಲೇ ಎಲ್ಲರೂ ಕೇಳುವುದು ತಂಬಾಕು, ಗುಟ್ಕಾ. ಅದನ್ನು ಕೇಳಿ ಕೇಳಿ ಗಿರಿಜಕ್ಕನಿಗೆ ಸಾಕಾಗಿತ್ತು. ನನ್ನ ಕೋಣೆಗೆ ಬಂದು ಕುಳಿತವರೇ, ನಾನು ಬಾಯಿ ತೆರೆಯುವ ಮೊದಲು ಹೇಳಿದರು: "ಇವರಿಗೆ ಯಾವ ಚಟವೂ ಇಲ್ಲ ಮೇಡಂ. ಅದನ್ನು ಕೇಳ್ಲಿಕ್ಕೆ ಹೋಗ್ಬೇಡಿ."

"ನಾನು ಕೇಳಬೇಕೆಂದಿದ್ದು ಬೆಳಿಗ್ಗೆ ಏನು ತಿಂದ್ರಿ ಅಂತ ಅಷ್ಟೇ," ಎಂದೆ.

ಸದಾಶಿವ ಅವರು ನಕ್ಕರು. ಗಟ್ಟಿ ಮೈಕಟ್ಟಿನ, ಸಮಾಧಾನದ ಮನುಷ್ಯ. ಎಂಟು ವರ್ಷಗಳ ಹಿಂದೆ ಅವರಿಗೆ ಹೃದಯದ ಬೈಪಾಸ್ ಆಗಿತ್ತು. ಅದರ ಗುರುತು ಅಂಗಿಯ ಕಾಲರಿನ ಕೆಳಗೆ ಸ್ವಲ್ಪ ಕಾಣುತ್ತಿತ್ತು.

ಚಿಕಿತ್ಸೆಯನ್ನು ಓದುಗರಿಗೆ ಸ್ವಲ್ಪ ವಿವರಿಸಬೇಕು. ಏಳು ವಾರ ರೇಡಿಯೇಷನ್, ವಾರಕ್ಕೆ ಐದು ದಿನ. ಜೊತೆಗೆ ವಾರಕ್ಕೊಮ್ಮೆ ಕೀಮೋ. ರೇಡಿಯೇಷನ್ನಿನ ಕಿರಣ ಕೂದಲೆಳೆಯಷ್ಟೂ ಆಚೀಚೆ ಹೋಗದಂತೆ ರೋಗಿಯ ಮುಖ ಮತ್ತು ಕುತ್ತಿಗೆಯ ಅಚ್ಚು ತೆಗೆದು ಒಂದು ಪ್ಲಾಸ್ಟಿಕ್ ಮಾಸ್ಕ್ ಮಾಡುತ್ತಾರೆ. ನೋಡಲು ಜಾಲರಿಯಂತೆ ಇರುತ್ತದೆ. ಪ್ರತಿದಿನ ಅದನ್ನು ಮುಖಕ್ಕೆ ಹಾಕಿ, ಮೇಜಿಗೆ ಬಿಗಿದು, ಅಲ್ಲಾಡದಂತೆ ಮಲಗಿಸುತ್ತಾರೆ. ರೋಗಿ ತೂಕ ಕಳೆದುಕೊಂಡರೆ ಕೆನ್ನೆ ಒಳಗೆ ಹೋಗುತ್ತದೆ, ಕುತ್ತಿಗೆ ಸಣ್ಣಗಾಗುತ್ತದೆ, ಮಾಸ್ಕ್ ಸಡಿಲವಾಗುತ್ತದೆ. ತೀರಾ ಸಡಿಲವಾದರೆ ಹೊಸ ಮಾಸ್ಕ್, ಹೊಸ ಸ್ಕ್ಯಾನ್, ಹೊಸ ಲೆಕ್ಕಾಚಾರ. ಅಷ್ಟರಲ್ಲಿ ಕೆಲವು ದಿನ ಚಿಕಿತ್ಸೆ ನಿಲ್ಲುವ ಭಯ ಇರುತ್ತದೆ. ಈ ಚಿಕಿತ್ಸೆಯಲ್ಲಿ ನಡುವೆ ನಿಲ್ಲುವುದು ಒಳ್ಳೆಯದಲ್ಲ. ಗಡ್ಡೆಗೆ ಚೇತರಿಸಿಕೊಳ್ಳಲು ಸಮಯ ಕೊಟ್ಟಂತೆ ಆಗುತ್ತದೆ.

ಆದ್ದರಿಂದ ಮೊದಲ ದಿನವೇ ಹೇಳಿದೆ. ತೂಕ ಅರವತ್ತಾರು ಕಿಲೋ ಇದೆ, ಇದು ಉಳಿಯಬೇಕು. ಇನ್ನೆರಡು ವಾರದಲ್ಲಿ ಬಾಯಿ ಹುಣ್ಣಾಗುತ್ತೆ, ರುಚಿ ಹೋಗುತ್ತೆ, ಜೊಲ್ಲು ಅಂಟಾಗುತ್ತೆ. ಆಗ ತಿನ್ನುವುದು ಸ್ವಲ್ಪವೇ ಆಗುವುದರಿಂದ ಆ ಸ್ವಲ್ಪದಲ್ಲೇ ಹೆಚ್ಚು ಶಕ್ತಿ ಇರಬೇಕು. ಗಂಜಿಗೆ ಎರಡು ಚಮಚ ತುಪ್ಪ ಹಾಕಿ, ಹಾಲು ಕೆನೆ ತೆಗೆಯದೆ ಕೊಡಿ, ಗೋಡಂಬಿ ನುಣ್ಣಗೆ ಅರೆದು ಸೇರಿಸಿ.

ಗಿರಿಜಕ್ಕ ಕೈಕಟ್ಟಿ ಕೇಳುತ್ತಿದ್ದರು. "ತುಪ್ಪ? ಇವರಿಗೆ?"

"ಹೌದು."

"ಮೇಡಂ, ಬೈಪಾಸ್ ಆದ ಮೇಲೆ ನಮ್ಮ ಮನೆಯಲ್ಲಿ ತುಪ್ಪದ ಡಬ್ಬಿಯೇ ಇಲ್ಲ. ಒಗ್ಗರಣೆಗೆ ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕ್ತೇನೆ. ತೆಂಗಿನಕಾಯಿ ವಾರಕ್ಕೆ ಒಂದು ಸಲ. ನಮ್ಮ ಊರಿನವರಿಗೆ ತೆಂಗಿನಕಾಯಿ ಬಿಡುವುದು ಎಂದರೆ ಎಷ್ಟು ಕಷ್ಟ ಅಂತ ನಿಮಗೆ ಗೊತ್ತಲ್ಲ. ಹಾರ್ಟಿನ ಡಾಕ್ಟರು ಪ್ರತಿ ಸಲ ರಿಪೋರ್ಟ್ ನೋಡಿ ಖುಷಿ ಪಡ್ತಾರೆ. ನೀವು ಎಣ್ಣೆ ತುಪ್ಪ ಒಂದು ಬಿಟ್ಟು ಬೇರೆ ಏನು ಹೇಳಿದ್ರೂ ಮಾಡ್ತೇನೆ."

ಅವರ ಮಾತಿನಲ್ಲಿ ಹಟವೇನೂ ಕಾಣಲಿಲ್ಲ. ಎಂಟು ವರ್ಷ ಒಂದು ಕೆಲಸವನ್ನು ಸರಿಯಾಗಿ ಮಾಡಿದವರ ನಂಬಿಕೆ ಅದು. ಹಾಗಾಗಿ ಮಧ್ಯದ ದಾರಿ ಹಿಡಿದೆ. ಪ್ರೊಟೀನ್ ಪುಡಿ, ಮೊಟ್ಟೆ, ಬೇಳೆಯ ಕಟ್ಟು, ರಾಗಿಹಾಲು ಕಾಯಿಸಿದ ಮಣ್ಣಿ ಎಂದೆಲ್ಲ ಹೇಳಿ ಕಳಿಸಿದೆ. ಮೊದಲ ಎರಡು ವಾರ ಎಲ್ಲವೂ ಸರಿಯಾಗಿಯೇ ನಡೆಯಿತು. ಸದಾಶಿವ ಅವರು ಕಲ್ಯಾಣದಿಂದ ರೈಲಿನಲ್ಲೇ ಬಂದು ಹೋಗುತ್ತಿದ್ದರು. ಕೆಲವೊಮ್ಮೆ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಿ, ಮೂವರೂ ಒಂದೇ ಡಬ್ಬಿಯಲ್ಲಿ ನೆರೂಳಕ್ಕೆ ಹೋದದ್ದೂ ಉಂಟು. ದಾರಿಯಲ್ಲಿ ಕ್ಯಾಂಟೀನಿನ ಕಥೆ ಹೇಳುತ್ತಿದ್ದರು. ಮುನ್ನೂರು ಜನ ಕಾರ್ಮಿಕರಿಗೆ ದಿನಾ ಊಟ. ಯಾರಿಗೆ ಖಾರ ಬೇಕು, ಯಾರಿಗೆ ಬೇಡ, ಯಾರು ಮನೆಯಲ್ಲಿ ಜಗಳ ಮಾಡಿ ಬಂದು ಅನ್ನ ಬಿಡುತ್ತಾರೆ, ಎಲ್ಲ ಗೊತ್ತಿತ್ತಂತೆ. ಜನರಲ್ ಡಬ್ಬಿಯ ಗದ್ದಲದ ನಡುವೆಯೂ ಅವರ ದನಿ ಗಟ್ಟಿಯಾಗಿ ಕೇಳುತ್ತಿತ್ತು.

ಮೂರನೆಯ ವಾರ ಆ ದನಿ ಹೋಯಿತು. ಬಾಯಿಯ ಒಳಗೆಲ್ಲ ಕೆಂಪು ಹುಣ್ಣು. ಸಾರಿನ ಹುಳಿ ತಾಗಿದರೆ ಕಣ್ಣಲ್ಲಿ ನೀರು. ಮೊಟ್ಟೆಯ ವಾಸನೆ ಬಂದರೆ ಹೊಟ್ಟೆ ತೊಳಸುವುದು. ಪ್ರೊಟೀನ್ ಪುಡಿ ಬಾಯಿಗೆ ಸೀಮೆಸುಣ್ಣದ ಹಾಗೆ. ರಾಗಿ ಮಣ್ಣಿ ಗಂಟಲಲ್ಲಿ ಅಂಟಿ ನಿಲ್ಲುವುದು. ಒಂದು ದಿನ ಸ್ನೇಹಾ ಐರೋಲಿಯ ಸೂಪರ್ ಮಾರ್ಕೆಟ್ಟಿನಿಂದ ತನಗೆಂದು ತಂದಿದ್ದ ಸ್ಟ್ರಾಬೆರಿ ಮೊಸರಿನ ಕಪ್ಪನ್ನು ತೆರೆದು ಕೊಟ್ಟಳು. ಫ್ಯಾಟ್ ಫ್ರೀ ಫ್ಲೇವರ್ಡ್ ಯೋಗರ್ಟ್. ತಣ್ಣಗೆ, ನುಣ್ಣಗೆ ಇತ್ತು, ಹುಳಿ ಕಡಿಮೆ. ಅದು ಒಳಗೆ ಇಳಿಯಿತು. ಇಡೀ ಕಪ್ ಖಾಲಿಯಾಯಿತು.

ಮರುದಿನ ಗಿರಿಜಕ್ಕ ನನ್ನ ಕೋಣೆಗೆ ಬಂದಾಗ ಮುಖದಲ್ಲಿ ಗೆಲುವಿತ್ತು. ಚೀಲದಿಂದ ಖಾಲಿ ಕಪ್ ತೆಗೆದು ಮೇಜಿನ ಮೇಲಿಟ್ಟರು. "ನೋಡಿ ಮೇಡಂ, ಕೊಬ್ಬು ಸೊನ್ನೆ. ಹಾಲಿನ ಪ್ರೊಟೀನ್ ಉಂಟು, ಕ್ಯಾಲ್ಸಿಯಂ ಉಂಟು, ಹಣ್ಣು ಉಂಟು. ಇವರ ಹಾರ್ಟಿಗೂ ಆಯ್ತು, ಬಾಯಿಗೂ ಆಯ್ತು." ಏನಾದರೂ ಒಂದು ಒಳಗೆ ಹೋಯಿತಲ್ಲ ಎಂದು ನನಗೂ ಸಮಾಧಾನವಾಯಿತು. ಅದರ ಜೊತೆಗೆ ಬೇರೆಯದನ್ನೂ ಕೊಡುತ್ತಿರಿ ಎಂದೆ.

ಆದರೆ ಬೇರೆಯದು ಯಾವುದೂ ಹೋಗಲಿಲ್ಲ. ಒಂದು ಕಪ್ ಮೂರಾಯಿತು, ಮೂರು ಆರಾಯಿತು. ಕಲ್ಯಾಣದ ಆ ಮನೆಯ ಫ್ರಿಜ್ಜಿನ ಒಂದು ಶೆಲ್ಫ್ ಪೂರ್ತಿ ಗುಲಾಬಿ ಬಣ್ಣದ ಕಪ್ಪುಗಳೇ ತುಂಬಿವೆ ಎಂದು ಸ್ನೇಹಾ ಹೇಳಿದಳು. ನಾಲ್ಕನೆಯ ವಾರದ ಕೊನೆಗೆ ಸದಾಶಿವ ಅವರ ತೂಕ ಅರವತ್ತೊಂದಕ್ಕೆ ಬಂದಿತ್ತು.

ಇಲ್ಲಿ ಆ ಮೊಸರಿನ ಬಗ್ಗೆ ನ್ಯಾಯವಾಗಿ ಹೇಳಬೇಕು. ಅದು ಕೆಟ್ಟ ಆಹಾರವಲ್ಲ. ಹಾಲಿನ ಕೆನೆಯನ್ನು ಪೂರ್ತಿ ತೆಗೆದು, ಉಳಿದದ್ದನ್ನು ಹೆಪ್ಪುಹಾಕಿ, ಕೆನೆ ಹೋದದ್ದರಿಂದ ಕಳೆದ ರುಚಿ ಮತ್ತು ದಪ್ಪವನ್ನು ತರಲು ಸಕ್ಕರೆ, ಹಣ್ಣಿನ ತಿರುಳು, ಗಟ್ಟಿ ಮಾಡುವ ಪದಾರ್ಥ ಸೇರಿಸಿರುತ್ತಾರೆ. ಆಗ ಅವರು ತರುತ್ತಿದ್ದ ನೂರು ಗ್ರಾಮಿನ ಕಪ್ಪಿನಲ್ಲಿ ಸುಮಾರು ಎಂಬತ್ತು ಕ್ಯಾಲೊರಿ ಇತ್ತು, ಪ್ರೊಟೀನ್ ಮೂರೂವರೆ ನಾಲ್ಕು ಗ್ರಾಂ, ಸಕ್ಕರೆ ಹಾಲಿನದ್ದೂ ಸೇರಿ ಹೆಚ್ಚುಕಡಿಮೆ ಮೂರು ಚಮಚದಷ್ಟು. ತೂಕ ಇಳಿಸುವವರು ಐಸ್‌ಕ್ರೀಮಿನ ಬದಲು ಒಂದು ಕಪ್ ತಿಂದರೆ ನಾನು ಬೇಡ ಎನ್ನುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಕೊಬ್ಬಿಲ್ಲ ಎಂಬ ಒಂದೇ ಮಾತಿಗೆ ಮೋಸ ಹೋಗಬಾರದು, ಅಷ್ಟೇ. ಆದರೆ ಸದಾಶಿವ ಅವರಿಗೆ ಆಗ ದಿನಕ್ಕೆ ಎರಡು ಸಾವಿರದ ಹತ್ತಿರ ಕ್ಯಾಲೊರಿ ಬೇಕಿತ್ತು, ಎಂಬತ್ತು ಗ್ರಾಮಿನಷ್ಟು ಪ್ರೊಟೀನ್ ಬೇಕಿತ್ತು. ಆರು ಕಪ್ ತಿಂದರೂ ಐನೂರು ಕ್ಯಾಲೊರಿ ದಾಟುತ್ತಿರಲಿಲ್ಲ. ಜೊತೆಗೆ ಎಳನೀರು, ಸ್ವಲ್ಪ ಗಂಜಿ ತಿಳಿ. ಅಂದರೆ ಹೊಟ್ಟೆ ತುಂಬಿದಂತೆ ಕಾಣುತ್ತಿತ್ತು, ಆದರೆ ಅವರು ಅರೆ ಉಪವಾಸದಲ್ಲಿದ್ದರು.

ನಾನು ಇದನ್ನು ಗಿರಿಜಕ್ಕನಿಗೆ ಲೆಕ್ಕ ಹಾಕಿ ತೋರಿಸಿದೆ. ಅವರು ಅಕೌಂಟ್ಸ್‌ನವರು, ಲೆಕ್ಕ ತಕ್ಷಣ ಅರ್ಥವಾಯಿತು. "ಹಾಗಾದ್ರೆ ಎಂಟು ಕಪ್ ಕೊಡ್ತೇನೆ," ಎಂದರು.

"ಗಿರಿಜಕ್ಕ, ಎಂಟು ಕಪ್ ಹಿಡಿಸೋಲ್ಲ. ಅದೇ ಮೊಸರನ್ನ ಕೆನೆ ಇರುವ ಹಾಲಲ್ಲಿ ಮಾಡಿ."

"ಕೆನೆ ಬೇಡ ಮೇಡಂ. ಕ್ಯಾನ್ಸರ್ ಗುಣ ಆಗಿ ಹಾರ್ಟ್ ನಿಂತರೆ ನಾನು ಏನು ಮಾಡ್ಲಿ?"

ಆ ಪ್ರಶ್ನೆಗೆ ನನ್ನಲ್ಲಿ ಪುಸ್ತಕದ ಉತ್ತರ ಇತ್ತು, ಹೇಳಿದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಪಕ್ಕದಲ್ಲಿದ್ದ ಸ್ನೇಹಾ, "ಮಮ್ಮಿ, ಮ್ಯಾಡಮ್ ಕೀ ಬಾತ್ ತೋ ಸುನೋ," ಎಂದು ನನ್ನ ಮಾತು ಕೇಳುವಂತೆ ಅಮ್ಮನಿಗೆ ಹೇಳಿದಳು. ಗಿರಿಜಕ್ಕ ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಅದರ ಮರುದಿನ ಕೀಮೋ ಇತ್ತು. ಗಿರಿಜಕ್ಕ ಔಷಧದ ಕೌಂಟರಿಗೆ ಹೋಗಿದ್ದಾಗ ನಾನು ಸದಾಶಿವ ಅವರ ಹಾಸಿಗೆಯ ಹತ್ತಿರ ಕುಳಿತೆ. ಏನು ತಿನ್ನಬೇಕೆನಿಸುತ್ತದೆ ಎಂದು ಕೇಳಿದೆ. ಅವರು ಪಿಸುದನಿಯಲ್ಲಿ, ನಿಲ್ಲಿಸಿ ನಿಲ್ಲಿಸಿ ಮಾತಾಡಿದರು.

"ಏನೂ ಬೇಡ ಅನ್ನಿಸ್ತದೆ ಮೇಡಂ. ಆ ಸ್ಟ್ರಾಬೆರಿ ನನಗೆ ಸೇರುವುದೇ ಇಲ್ಲ. ಬಾಯಿಯಲ್ಲಿ ಸಾಬೂನು ಇಟ್ಟ ಹಾಗೆ."

"ಮತ್ತೆ ಆರು ಕಪ್ ತಿಂತೀರಲ್ಲ?"

"ಅವಳು ಕಪ್ ಹಿಡ್ಕೊಂಡು ಎದುರು ನಿಲ್ತಾಳೆ. ಖಾಲಿ ಆದ್ರೆ ಅವಳ ಮುಖ ಸ್ವಲ್ಪ ಅರಳ್ತದೆ. ಇಡೀ ದಿನದಲ್ಲಿ ಅವಳು ಗೆಲುವಾಗುವುದು ಆ ಹೊತ್ತು ಮಾತ್ರ." ಸ್ವಲ್ಪ ಸುಧಾರಿಸಿಕೊಂಡು ಮುಂದುವರಿಸಿದರು. "ಮುನ್ನೂರು ಜನರಿಗೆ ಊಟ ಹಾಕಿದವ ನಾನು. ಇದು ಊಟ ಅಲ್ಲ ಅಂತ ನನಗೆ ಗೊತ್ತುಂಟು. ಆದರೆ ನೀವು ಅವಳ ಹತ್ರ ಹೇಳ್ಬೇಡಿ."

ನಾನು ಆಗಲಿ ಎಂದೆ. ಹೊರಗೆ ಬಂದ ಮೇಲೆ ಅಲ್ಲೇ ಕಾರಿಡಾರಿನ ಬೆಂಚಿನ ಮೇಲೆ ಕುಳಿತುಬಿಟ್ಟೆ. ಹೆಂಡತಿಗೆ ನೋವಾಗಬಾರದೆಂದು ಇವರು ಸೇರದ್ದನ್ನು ನುಂಗುತ್ತಿದ್ದಾರೆ. ಗಂಡನ ಎದೆಗೆ ಏನೂ ಆಗಬಾರದೆಂದು ಅವರು ಕೆನೆ ತೆಗೆಯುತ್ತಿದ್ದಾರೆ. ಇಬ್ಬರ ಪ್ರೀತಿಯ ನಡುವೆ ಆ ಮನುಷ್ಯನ ಮೈ ಕರಗುತ್ತಿತ್ತು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಐದನೆಯ ವಾರ ಮೊದಲಾಗುವಾಗ ಎರಡು ಸಂಗತಿ ಒಟ್ಟಿಗೆ ನಡೆದವು. ಠಾಣೆ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ ಸದಾಶಿವ ಅವರು ಕಣ್ಣು ಕತ್ತಲೆ ಬಂದು ಕುಸಿದು ಕುಳಿತರು. ಯಾರೋ ಕಾಲೇಜು ಹುಡುಗಿಯರು ನೀರು ಕೊಟ್ಟು, ಕೈಹಿಡಿದು ಕೆಳಗಿಳಿಸಿದರಂತೆ. ಹಾಗೂ ಹೀಗೂ ಆಸ್ಪತ್ರೆಗೆ ಬಂದರೆ, ರೇಡಿಯೇಷನ್ ಟೆಕ್ನಿಷಿಯನ್ ಮಾಸ್ಕ್ ಹಾಕಿ ನೋಡಿ ನನಗೂ ಡಾಕ್ಟರಿಗೂ ಫೋನ್ ಮಾಡಿದರು. ದವಡೆಯ ಹತ್ತಿರ ಮಾಸ್ಕಿಗೂ ಚರ್ಮಕ್ಕೂ ನಡುವೆ ಬೆರಳು ಹೋಗುತ್ತಿತ್ತು.

ನಮ್ಮ ರೇಡಿಯೇಷನ್ ಡಾಕ್ಟರು ಮಿತಭಾಷಿ. ಗಿರಿಜಕ್ಕ ಮತ್ತು ಸ್ನೇಹಾಳನ್ನು ಕೂರಿಸಿ ನೇರವಾಗಿ ಹೇಳಿದರು. ಇವತ್ತಿನ ರೇಡಿಯೇಷನ್ ಸಿಟ್ಟಿಂಗ್ ಹೇಗೋ ಸರಿಹೊಂದಿಸಿ ಕೊಡುತ್ತೇವೆ. ತೂಕ ಇನ್ನೂ ಒಂದೆರಡು ಕಿಲೋ ಇಳಿದರೆ ಚಿಕಿತ್ಸೆ ನಿಲ್ಲಿಸಿ ಹೊಸ ಮಾಸ್ಕ್ ಮಾಡಬೇಕಾಗುತ್ತದೆ. ನಾಳೆಯೇ ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕೋಣ. ರೈಲ್ಸ್ ಟ್ಯೂಬ್ ಎನ್ನುವ ಈ ಸಣ್ಣ ನಳಿಕೆಯಿಂದ ದ್ರವ ಆಹಾರವನ್ನು ನೇರವಾಗಿ ಹೊಟ್ಟೆಗೆ ಕೊಡಬಹುದು.

ಗಿರಿಜಕ್ಕ ಎದ್ದು ನಿಂತರು. "ಟ್ಯೂಬ್ ಬೇಡ. ನನ್ನ ಅಣ್ಣನಿಗೆ ಹಾಕಿದ್ರು. ಅದರ ಮೇಲೆ ಅವನು ಮನೆಗೆ ಬರ್ಲೇ ಇಲ್ಲ."

ಡಾಕ್ಟರು ನನ್ನ ಕಡೆ ನೋಡಿದರು. ಸಂಜೆಯವರೆಗೆ ಸಮಯ ಕೊಡಿ ಎಂದು ಕೇಳಿಕೊಂಡೆ.

ನನ್ನ ಕೋಣೆಗೆ ಬಂದು ಯೋಚಿಸಿದೆ. ನಾನು ಇನ್ನೂ ಹತ್ತು ಸಲ ಹೇಳಿದರೂ ಗಿರಿಜಕ್ಕ ನನ್ನ ಮಾತು ಕೇಳುವುದಿಲ್ಲ. ಯಾಕೆ ಕೇಳಬೇಕು? ಎಂಟು ವರ್ಷದ ಹಿಂದೆ ಬೇರೆಯೊಬ್ಬರು ಅವರಿಗೆ ಒಂದು ಮಾತು ಹೇಳಿದ್ದರು, ಅದನ್ನು ಪಾಲಿಸಿದ್ದರಿಂದ ಗಂಡ ಉಳಿದಿದ್ದರು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಧಿಕಾರ ಹೇಳಿದವರಿಗೆ ಮಾತ್ರ ಇತ್ತು. ಸ್ನೇಹಾಳಿಂದ ಠಾಣೆಯ ಆ ಹೃದಯದ ಡಾಕ್ಟರ ನಂಬರ್ ಪಡೆದು ಫೋನ್ ಮಾಡಿದೆ. ಅವರು ಹೊರರೋಗಿಗಳನ್ನು ನೋಡುತ್ತಿದ್ದರು. ವಿಷಯ ಕೇಳಿ, ಸ್ವಲ್ಪ ಹೊತ್ತಿನಲ್ಲಿ ತಾವೇ ಫೋನ್ ಮಾಡುವುದಾಗಿ ಹೇಳಿದರು. ಮಾಡಿದರು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಗಿರಿಜಕ್ಕನ ಮುಂದೆ ಇಟ್ಟೆ. ಡಾಕ್ಟರು ಮಾತಾಡಿದ್ದು ಮರಾಠಿಯಲ್ಲಿ. ನನ್ನ ನೆನಪಿನಲ್ಲಿ ಇರುವಂತೆ ಅದರ ಕನ್ನಡ ಹೀಗೆ:

"ಗಿರಿಜಾತಾಯಿ, ನನ್ನ ರೋಗಿಗಳ ಮನೆಯವರಲ್ಲಿ ನಿಮ್ಮಷ್ಟು ಕಟ್ಟುನಿಟ್ಟಾಗಿ ಪಥ್ಯ ಮಾಡಿಸಿದವರನ್ನು ನಾನು ಕಂಡಿಲ್ಲ. ಆ ಪಥ್ಯ ಹೇಳಿದವನು ನಾನು. ಈಗ ಸದ್ಯಕ್ಕೆ ಅದನ್ನು ನಿಲ್ಲಿಸಿ ಎಂದು ಹೇಳುತ್ತಿರುವವನೂ ನಾನೇ. ತೂಕ ಹೀಗೆ ಇಳಿಯುವುದು ಅವರ ಹೃದಯಕ್ಕೂ ಒಳ್ಳೆಯದಲ್ಲ. ಚಿಕಿತ್ಸೆ ಮುಗಿಯುವವರೆಗೆ ಆ ಡಯಟಿಷಿಯನ್ ಮೇಡಂ ಹೇಳಿದಂತೆ ಕೊಡಿ. ಮುಗಿದ ಮೇಲೆ ನನ್ನ ಹತ್ತಿರ ಬನ್ನಿ. ನೀವೂ ನಾನೂ ಸೇರಿ ಮತ್ತೆ ಪಥ್ಯ ಶುರುಮಾಡೋಣ."

"ಹೋ, ಡಾಕ್ಟರ್," ಎಂದು ಮರಾಠಿಯಲ್ಲೇ ಒಪ್ಪಿಕೊಂಡರು ಗಿರಿಜಕ್ಕ. ಫೋನ್ ಇಟ್ಟ ಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ಆಮೇಲೆ ನೆಲ ನೋಡುತ್ತಾ ಕೇಳಿದರು: "ಹಾಗಾದ್ರೆ ಇಷ್ಟು ದಿನ ಇವರನ್ನು ಉಪವಾಸ ಹಾಕಿದ್ದು ನಾನೇ ಅಲ್ವಾ ಮೇಡಂ?"

ಈ ಪ್ರಶ್ನೆ ಬರುತ್ತದೆ ಎಂದು ನನಗೆ ಗೊತ್ತಿತ್ತು, ಅದಕ್ಕೇ ಹೆದರಿದ್ದೆ. ಆದರೆ ಅದಕ್ಕೆ ನಿಜವಾದ ಉತ್ತರವೂ ಇತ್ತು.

"ಗಿರಿಜಕ್ಕ, ಮೊದಲ ದಿನ ನಮ್ಮ ಡಾಕ್ಟರುಗಳೆಲ್ಲ ಕೂತು ಚರ್ಚೆ ಮಾಡಿದಾಗ ನಾನೂ ಅಲ್ಲಿದ್ದೆ. ಬೈಪಾಸ್ ಆದವರು, ಈ ಕೀಮೋ ತಡಕೊಳ್ತಾರಾ ಅಂತ ಎಲ್ಲರಿಗೂ ಅನುಮಾನ ಇತ್ತು. ಎಕೋ ರಿಪೋರ್ಟ್ ನೋಡಿದರು. ಹೃದಯ ಅಷ್ಟು ಚೆನ್ನಾಗಿತ್ತು, ಹಾಗಾಗಿ ಪೂರ್ತಿ ಚಿಕಿತ್ಸೆ ಕೊಡೋಣ ಅಂದ್ರು. ಆ ಹೃದಯ ಕಾಪಾಡಿಕೊಂಡು ಬಂದಿದ್ದು ನೀವು. ಇಲ್ಲದಿದ್ದರೆ ಇವರಿಗೆ ಈ ಚಿಕಿತ್ಸೆಯೇ ಸಿಗ್ತಿರಲಿಲ್ಲ."

ಇದು ಸಮಾಧಾನಕ್ಕೆ ಹೇಳಿದ ಮಾತಾಗಿರಲಿಲ್ಲ. ಅಂದು ಆ ಕೋಣೆಯಲ್ಲಿ ಹಾಗೆಯೇ ಆಗಿತ್ತು. ಗಿರಿಜಕ್ಕ ಕಣ್ಣೊರೆಸಿಕೊಂಡು, "ಆ ಟ್ಯೂಬ್ ಅವರೇ ಬೇಡ ಅಂದ್ರೆ?" ಎಂದರು.

ಸದಾಶಿವ ಅವರನ್ನೇ ಕೇಳಿದೆವು. ಅವರು ಹೆಂಡತಿಯ ಮುಖ ನೋಡಿ, ತಮ್ಮ ಪಿಸುದನಿಯಲ್ಲಿ, "ಹಾಕ್ಲಿ. ನುಂಗುವ ಕಷ್ಟ ಆದ್ರೂ ಕಮ್ಮಿ ಆಗ್ತದೆ," ಎಂದರು. ಮತ್ತೆ ಹೇಳಿದರು: "ಇನ್ನೊಂದು ಸಂಗತಿ ಉಂಟು. ಆ ಸ್ಟ್ರಾಬೆರಿ ನನಗೆ ಸೇರುವುದಿಲ್ಲ ಮಾರಾಯ್ತಿ."

ಗಿರಿಜಕ್ಕ ದಂಗಾದರು. "ಮತ್ತೆ ಅಷ್ಟೆಲ್ಲ ತಿಂದದ್ದು?"

"ನೀನು ಕೊಟ್ಟೆ ಅಲ್ವಾ."

ಗಿರಿಜಕ್ಕ ನಕ್ಕರು. ನಗುತ್ತಲೇ ಅಳು ಬಂತು, ಎದ್ದು ಹೊರಗೆ ಹೋದರು. ಸ್ನೇಹಾ ಅವರ ಹಿಂದೆ ಹೋದಳು. ನಾನು ಕಿಟಕಿಯ ಪರದೆ ಸರಿಮಾಡುವ ನೆಪದಲ್ಲಿ ಬೆನ್ನು ತಿರುಗಿಸಿದೆ.

ಟ್ಯೂಬ್ ಹಾಕಿದ ಮೇಲೆ ನಾನು ಕಂಡ ಗಿರಿಜಕ್ಕ ಬೇರೆಯೇ. ಮೊದಲ ದಿನ ಸಿರಿಂಜ್ ಹಿಡಿಯುವುದನ್ನು ನರ್ಸ್ ಒಮ್ಮೆ ತೋರಿಸಿದರು, ಎರಡನೆಯ ಸಲ ಇವರೇ ಮಾಡಿದರು. ತಲೆ ಎತ್ತರಿಸಿ ಕೂರಿಸುವುದು, ಟ್ಯೂಬಿನ ಗುರುತು ಜಾರಿಲ್ಲವೆಂದು ನೋಡುವುದು, ಸೋಸಿದ ಆಹಾರವನ್ನು ನಿಧಾನಕ್ಕೆ ಬಿಡುವುದು, ಕೊನೆಗೆ ನೀರು ಬಿಟ್ಟು ಟ್ಯೂಬ್ ತೊಳೆಯುವುದು. ಎಣ್ಣೆಯನ್ನು ಚಮಚದಲ್ಲಿ ಅಳೆಯುತ್ತಿದ್ದ ಅದೇ ಶಿಸ್ತು ಈಗ ಇಲ್ಲಿ ಕೆಲಸಕ್ಕೆ ಬಂತು. ಎರಡೆರಡು ಗಂಟೆಗೊಮ್ಮೆ ಕೆನೆ ಹಾಲು, ಹಾಲಿನ ಪುಡಿ, ನಾವು ಕೊಟ್ಟ ಆಹಾರದ ಪುಡಿ, ಸೋಸಿದ ರಾಗಿ ಮಾಲ್ಟ್, ಅದಕ್ಕೆ ಒಂದು ಚಮಚ ಎಣ್ಣೆ. ಆ ಎಣ್ಣೆ ಹಾಕುವಾಗ ಮಾತ್ರ ಮೊದಮೊದಲು ಮುಖ ಕಿವುಚಿಕೊಳ್ಳುತ್ತಿದ್ದರು.

ಟ್ಯೂಬ್ ಇದ್ದರೂ ಬಾಯಿಂದ ದಿನಕ್ಕೆ ಸ್ವಲ್ಪವಾದರೂ ನುಂಗುತ್ತಿರಬೇಕು. ಇಲ್ಲದಿದ್ದರೆ ನುಂಗುವ ಸ್ನಾಯುಗಳು ಬಿಗಿದುಕೊಂಡು, ಚಿಕಿತ್ಸೆ ಮುಗಿದ ಮೇಲೂ ಊಟ ಕಷ್ಟವಾಗುತ್ತದೆ. ಏನು ಕೊಡುವುದು ಎಂದು ಗಿರಿಜಕ್ಕ ಕೇಳಿದಾಗ, ಮೊಸರನ್ನೇ ಕೊಡಿ, ಆದರೆ ನಿಮ್ಮದು ಎಂದೆ. ಫುಲ್ ಕ್ರೀಮ್ ಹಾಲನ್ನು ಚೆನ್ನಾಗಿ ಕುದಿಸಿ ಹೆಪ್ಪುಹಾಕಿ, ಹುಳಿ ಬರುವ ಮೊದಲೇ ತೆಳುಬಟ್ಟೆಯಲ್ಲಿ ಕಟ್ಟಿ ನೀರು ಇಳಿಸುವುದು. ಇಲ್ಲಿನವರು ಶ್ರೀಖಂಡಕ್ಕೆ ಮಾಡುವ ಚಕ್ಕಾ ಇದೇ. ನೀರು ಇಳಿದ ಮೊಸರಿನಲ್ಲಿ ಅಷ್ಟೇ ಚಮಚಕ್ಕೆ ಪ್ರೊಟೀನ್ ಹೆಚ್ಚು, ಕೊಬ್ಬೂ ಹೆಚ್ಚು, ಹಾಗಾಗಿ ಶಕ್ತಿಯೂ ಹೆಚ್ಚು. ಅದಕ್ಕೆ ಸ್ವಲ್ಪ ಕೆನೆ, ಸಕ್ಕರೆ, ಹಣ್ಣಾದ ಚಿಕ್ಕುವಿನ ತಿರುಳನ್ನು ಟೀ ಸೋಸುವ ಜಾಲರಿಯಲ್ಲಿ ಒತ್ತಿ ಸೇರಿಸುವುದು. ಮರುದಿನ ಗಿರಿಜಕ್ಕ ಪುಟ್ಟ ಡಬ್ಬಿಯಲ್ಲಿ ತಂದರು. ಸದಾಶಿವ ಅವರು ನಾಲ್ಕು ಚಮಚ ತಿಂದರು.

"ರುಚಿ ಹೇಗುಂಟು?" ಗಿರಿಜಕ್ಕ ಕೇಳಿದರು.

"ಏನೂ ಗೊತ್ತಾಗುವುದಿಲ್ಲ," ಎಂದರು ಅವರು. "ಆದರೆ ಉರಿಯುವುದಿಲ್ಲ." ಈ ಸಲ ಅವರು ನಿಜ ಹೇಳುತ್ತಿದ್ದಾರೆಂದು ನಮಗೆಲ್ಲ ಗೊತ್ತಿತ್ತು. ಗಿರಿಜಕ್ಕನಿಗೆ ಅದೇ ಸಾಕಾಯಿತು.

ಟ್ಯೂಬ್ ಹಾಕಿದ ಮೊದಲ ವಾರ ತೂಕ ಇನ್ನೂ ಅರ್ಧ ಕಿಲೋ ಇಳಿದು ನಮ್ಮನ್ನು ಹೆದರಿಸಿತು. ನಡುವೆ ಒಂದು ದಿನ ಭೇದಿಯಾಗಿ ಆಹಾರದ ಪ್ರಮಾಣ ಬದಲಿಸಬೇಕಾಯಿತು. ಆಮೇಲೆ ತೂಕ ಅಲ್ಲೇ ನಿಂತಿತು. ಸಡಿಲವಾದ ಜಾಗಕ್ಕೆ ಟೆಕ್ನಿಷಿಯನ್ ಹೊಂದಾಣಿಕೆ ಮಾಡಿಕೊಂಡರು, ಹೊಸ ಮಾಸ್ಕ್ ಬೇಕಾಗಲಿಲ್ಲ. ಒಂದು ಸಿಟ್ಟಿಂಗ್ ಕೂಡ ತಪ್ಪದೆ ಏಳು ವಾರ ಮುಗಿಯಿತು. ಕೊನೆಯ ದಿನ ಸ್ನೇಹಾ ಕಾರಿನಲ್ಲಿ ಕರೆದುಕೊಂಡು ಬಂದಿದ್ದಳು. ಹೋಗುವಾಗ ಸದಾಶಿವ ಅವರು ನನಗೆ ಕೈಮುಗಿದರು. ಮಾತಾಡಲು ಆಗುತ್ತಿರಲಿಲ್ಲ.

ಟ್ಯೂಬ್ ತೆಗೆಯಲು ಇನ್ನೂ ಕೆಲವು ವಾರ ಹಿಡಿಯಿತು. ಗಿರಿಜಕ್ಕನ ಅಣ್ಣನ ಹಾಗೆ ಆಗಲಿಲ್ಲ. ಟ್ಯೂಬ್ ತೆಗೆದ ದಿನ ಅವರು ಅದನ್ನು ಒಮ್ಮೆ ನೋಡಿ, ನರ್ಸ್ ಕೈಯಿಂದ ತೆಗೆದುಕೊಂಡು ತಾವೇ ಕಸದ ಡಬ್ಬಿಗೆ ಹಾಕಿದರು.

ಕೆಲವು ತಿಂಗಳ ಬಳಿಕ ಗಂಡಹೆಂಡತಿ ಇಬ್ಬರೂ ತಪಾಸಣೆಗೆ ಬಂದರು. ಗಡ್ಡೆ ಇರಲಿಲ್ಲ. ದನಿ ಸ್ವಲ್ಪ ಗೊಗ್ಗರಾಗಿ ಉಳಿದಿತ್ತು. ಜೊಲ್ಲು ಕಡಿಮೆಯಾದ್ದರಿಂದ ನೀರಿನ ಬಾಟಲಿ ಕೈಯಲ್ಲಿ ಇದ್ದೇ ಇರುತ್ತಿತ್ತು. ಮೊದಲಿನ ಮೈಕಟ್ಟು ಬರಲಿಲ್ಲ, ಪೂರ್ತಿ ರುಚಿಯೂ ಮರಳಿರಲಿಲ್ಲ. ಆದರೆ ಮೆತ್ತಗೆ ಮಾಡಿದ ಅನ್ನ, ಸಾರು, ಮೀನಿನ ತಿಳಿ ಹೋಗುತ್ತಿತ್ತು. ತೂಕ ಅರವತ್ತಮೂರು. ರಕ್ತಪರೀಕ್ಷೆಯಲ್ಲಿ ಕೊಲೆಸ್ಟರಾಲ್ ಸ್ವಲ್ಪ ಏರಿತ್ತು. ಗಿರಿಜಕ್ಕ ಆ ಕಾಗದವನ್ನು ನನ್ನ ಮುಂದಿಟ್ಟು, "ಮೇಡಂ, ಇನ್ನು ನನ್ನ ಸರದಿ ಅಲ್ವಾ? ಠಾಣೆಯ ಡಾಕ್ಟರು ಒಪ್ಪಿದ್ದಾರೆ. ಯಾವುದನ್ನು ಮೊದಲು ಕಮ್ಮಿ ಮಾಡ್ಲಿ?" ಎಂದು ಕೇಳಿದರು. ಇಬ್ಬರೂ ಕೂತು ನಿಧಾನವಾಗಿ ಒಂದು ಪಥ್ಯ ಮಾಡಿದೆವು. ಕೆನೆ ಮೊದಲು ಹೋಯಿತು. ಚಕ್ಕಾವನ್ನು ಕೆನೆ ಕಡಿಮೆಯಿರುವ ಹಾಲಿನಲ್ಲಿ ಮಾಡುವುದಾಗಿ ಅವರೇ ಸೂಚಿಸಿದರು. ಸದಾಶಿವ ಅವರು ಮಧ್ಯೆ ಬಾಯಿ ಹಾಕಿ ವಾರಕ್ಕೆ ಎರಡು ಸಲ ತೆಂಗಿನಕಾಯಿ ಉಳಿಸಿಕೊಂಡರು.

ಅದಾದ ಮೇಲೆ ನಾನು ನಿವೃತ್ತಳಾದೆ. ಹೊಸದಾಗಿ ಸೇರಿದ ಹುಡುಗಿಯರು ಈಗಲೂ ಕೆಲವೊಮ್ಮೆ ಫೋನ್ ಮಾಡಿ, ಇಂಥ ರೋಗಿಗೆ ಏನು ಕೊಡುವುದು ಎಂದು ಕೇಳುತ್ತಾರೆ. ಕಪ್ಪಿನ ಮೇಲಿನ ಪಟ್ಟಿಯನ್ನು ಅವರು ನನಗಿಂತ ಚೆನ್ನಾಗಿ ಓದಬಲ್ಲರು. ಯಾವುದರಲ್ಲಿ ಎಷ್ಟು ಪ್ರೊಟೀನ್, ಎಷ್ಟು ಸಕ್ಕರೆ, ಬಾಯಿಪಾಠ. ಆದರೆ ಒಂದೇ ಮೊಸರು ಒಬ್ಬರಿಗೆ ಒಳ್ಳೆಯದು, ಇನ್ನೊಬ್ಬರಿಗೆ ಸಾಲದು, ಅದೇ ಮನುಷ್ಯನಿಗೆ ಒಂದು ವರ್ಷ ಬೇಕಾದದ್ದು ಮರುವರ್ಷ ಬೇಡ. ಇದನ್ನು ಪಟ್ಟಿ ಹೇಳುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದನ್ನು ಗಿರಿಜಕ್ಕ ನನಗೆ ಕಲಿಸಿದರು. ರೋಗಿಗೆ ಏನು ಇಷ್ಟ, ಏನು ಸೇರುತ್ತೆ ಎಂದು ನಾವೆಲ್ಲ ಕೇಳುತ್ತೇವೆ. ಆ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ: ಅದರ ಮೊದಲು, ಮನೆಯಲ್ಲಿ ಚಮಚ ಹಿಡಿದು ನಿಲ್ಲುವವರು ಯಾರು ಎಂದು ನೋಡಿಕೊಳ್ಳಿ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಮಗೆ ಯಾವುದರ ಭಯ ಎಂದು ಕೇಳಿ. ಆಮೇಲೆ ಊಟದ ಮಾತು ಶುರುಮಾಡಿ.